ಹೀರೋ ಕಾರು, ನಮ್ಮ ಕಾರು!

ಸಿನಿಮಾದಲ್ಲಿ ಹೀರೋ ಕಾರು ಕೊಳೆಯಾಗಿದ್ದನ್ನು ಎಂದಾದರೂ ಕಂಡಿದ್ದೀರಾ ಗೆಳೆಯರೇ? ಹಳ್ಳ ಹಾರುತ್ತದೆ, ಕೆಸರು ಎರಚುತ್ತದೆ, ನಾಲ್ಕು ಜೀಪುಗಳನ್ನು ಗುದ್ದಿ ಕೆಡವುತ್ತದೆ. ಮುಂದಿನ ಶಾಟಿನಲ್ಲಿ ನೋಡಿದರೆ.... ಮದುವಣಗಿತ್ತಿಯ ಹಾಗೆ ಫಳಫಳ! ಒರೆಸುವವನು ಕ್ಯಾಮೆರಾ ಹಿಂದೆ ಇರುತ್ತಾನೆ. ನಮ್ಮ ಕಾರಿಗೆ ಹೀರೋನೂ ನಾನೇ, ಒರೆಸುವವನೂ ನಾನೇ.

ಹುಣಸೂರಿನಲ್ಲಿ ನನ್ನದೊಂದು ಬಾಡಿಗೆ ಕಾರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ.... ಇಷ್ಟೇ ನನ್ನ ಪ್ರಪಂಚ. ಆದರೆ ತಾಲ್ಲೂಕಿಗೊಂದು ಥರದ ಕೊಳೆ!

ಹುಣಸೂರು, ಪಿರಿಯಾಪಟ್ಟಣ ಅಂದರೆ ಹೊಗೆಸೊಪ್ಪು. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜಿಗೆ ರೈತರನ್ನು ಕರೆದುಕೊಂಡು ಹೋದ ದಿನ ಸೀಟಿಗೆಲ್ಲಾ ಅದೇ ಘಾಟು. ಸೆಂಟು ಹೊಡೆದರೆ ಎರಡೂ ಸೇರಿ ತಲೆ ತಿರುಗುತ್ತದೆ. ಸೀಟಿನ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಕೊಡವಿ ಬಿಸಿಲು ತೋರಿಸಬೇಕು. ಹೊರಗಿನ ಕೆಮ್ಮಣ್ಣಿನ ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದಿರೋ, ಎಮರಿ ಪೇಪರ್ ಹಾಕಿದ ಹಾಗೆ ಪೇಂಟಿಗೆ ಗೀರು! ಮೊದಲು ಮೇಲಿಂದ ನೀರು, ಆಮೇಲೆ ಬಟ್ಟೆ. ಕೆ.ಆರ್. ನಗರದ ಕಡೆಯ ಗದ್ದೆ ಕೆಸರು ಮಡ್‌ಗಾರ್ಡ್ ಒಳಗೆ ತೇವ ಹಿಡಿದು ಕೂತರೆ ತಗಡೇ ತುಕ್ಕು.

ಇವೆಲ್ಲಾ ಕಣ್ಣಿಗೆ ಕಾಣುವ ಕೊಳೆ ಸ್ವಾಮಿ. ಪ್ರಾಣಕ್ಕೆ ಬರುವುದು ಕಾಣದ ಕೊಳೆ!

ಸುಗ್ಗಿ ಬಂತೆಂದರೆ ನಮ್ಮ ರಸ್ತೆಗಳೇ ಕಣ. ರಾಗಿ, ಹುರುಳಿ ಎಲ್ಲಾ ಡಾಂಬರಿನ ಮೇಲೆ. ಒಕ್ಕಣೆ ನಮ್ಮ ಚಕ್ರದಿಂದ. ಒಂದು ಮಧ್ಯಾಹ್ನ ಕೆ.ಆರ್. ನಗರದ ದಾರಿಯಲ್ಲಿ ಹಿಂದಿನ ಸೀಟಿನ ಅಜ್ಜಿ ಮೂಗು ಮುಚ್ಚಿಕೊಂಡು, "ಏನೋ ಸೀದ ವಾಸ್ನೆ ಬತ್ತಾ ಅದೆ ಕಣ್ ಮಗಾ, ನಿಲ್ಸು!" ಅಂದಿತು. ಎಲ್ಲರನ್ನೂ ಇಳಿಸಿ ಬಗ್ಗಿ ನೋಡಿದೆ. ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡು ಸೈಲೆನ್ಸರಿಗೆ ತಾಗಿ ಹೊಗೆಯಾಡುತ್ತಿದೆ! ನೀರು ಸುರಿದು, ಕೋಲಿನಿಂದ ಎಳೆದು ಹಾಕಿದೆ. ಅಜ್ಜಿಯ ಮೂಗೇ ಅವತ್ತಿನ ಹೀರೋ. ಹೀಗೆ ಸುತ್ತಿಕೊಂಡ ಸೊಪ್ಪಿನಿಂದ ನಮ್ಮ ರಾಜ್ಯದಲ್ಲಿ ಕಾರುಗಳು ಸುಟ್ಟು ಕರಕಲಾಗಿವೆ. ಆವತ್ತಿನಿಂದ ಸುಗ್ಗಿಯಲ್ಲಿ ಕಣ ದಾಟಿದ ಕೂಡಲೇ ಸೈಡಿಗೆ ಹಾಕಿ ಕೆಳಗೆ ನೋಡುತ್ತೇನೆ. ಬಾಡಿಗೆಯವರು ಗೊಣಗಲಿ, ಪರವಾಗಿಲ್ಲ.

ಎರಡನೆಯದು ಕಾಲ ಬಳಿ. ನೀರಿನ ಬಾಟಲಿ, ಎಳನೀರು, ಚಪ್ಪಲಿ.... ಡ್ರೈವರ್ ಕಾಲ ಬುಡದಲ್ಲಿ ಏನೂ ಇರಕೂಡದು. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಕೂತರೆ ನೀವು ಎಷ್ಟು ತುಳಿದರೂ ಬ್ರೇಕಿಲ್ಲ! ಸಾಮಾನು ಡಿಕ್ಕಿಗೆ, ಬಾಟಲಿ ಬಾಗಿಲ ಖಾನೆಗೆ, ಆರ್.ಸಿ., ಇನ್ಶೂರೆನ್ಸ್ ಒಂದು ಕವರಿಗೆ.

ಮೂರನೆಯದು ಗಾಜು. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ನಾಗರಹೊಳೆ ಕಾಡಿನೊಳಗೆ ಹೋಗುವ ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆದರೆ ಕಾಡಂಚಿನ ಊರಿನ ದಾರಿಯಲ್ಲಿ ಆನೆಗೆ ಗಡಿಯಾರ ಕಟ್ಟಿದವರು ಯಾರು? ಗಾಜಿನ ಹೊರಗೆ ಹುಳು, ಒಳಗೆ ತೆಳ್ಳಗೆ ಜಿಡ್ಡು. ಎದುರಿನ ಲೈಟು ಬಿದ್ದರೆ ಎಲ್ಲಾ ಬೆಳ್ಳಗೆ. ಕತ್ತಲೆಯ ಬಣ್ಣದ ಆನೆ ಕಾಣುವುದು ಹೇಗೆ? ಸಂಜೆಯಾಗುವ ಮುಂಚೆ ಗಾಜನ್ನು ಒಳಗೂ ಒರೆಸಿ. ತಿಂಡಿ ಕವರುಗಳಿಗೆ ಕಾರಿನಲ್ಲೇ ಒಂದು ಚೀಲ ಕಟ್ಟಿ. ಕಾಡಿಗೆ ಎಸೆಯಬೇಡಿ, ಅದನ್ನು ಜಿಂಕೆ ತಿನ್ನುತ್ತದೆ.

ಕೊನೆಗೆ, ನಮ್ಮ ಅಭಿಮಾನಿ ಬಳಗಕ್ಕೆ ಒಂದು ಮಾತು. 'ಆಟೋ ರಾಜ' ಬಂದದ್ದು 1980ರಲ್ಲಿ. ಇವತ್ತಿಗೂ ಆಟೋಗಳ ಬೆನ್ನ ಮೇಲೆ ಶಂಕರಣ್ಣ ನಗುತ್ತಿದ್ದಾರೆ. ಆ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲೇ ನಮ್ಮನ್ನು ಬಿಟ್ಟು ಹೋದರು. ಆಗಿನ್ನೂ 35 ವರ್ಷ! ನಿಮ್ಮ ಹೀರೋ ಫೋಟೋ ಧಾರಾಳವಾಗಿ ಅಂಟಿಸಿ ಗೆಳೆಯರೇ, ಬಾಗಿಲ ಮೇಲೆ, ಡಿಕ್ಕಿ ಮೇಲೆ. ಗಾಜನ್ನು ಮಾತ್ರ ಬಿಟ್ಟುಬಿಡಿ. ಹಿಂದೆ ಬರುವ ಲಾರಿ ಕಾಣಲಿ.

ಬರುವ ಶುಕ್ರವಾರ ಹೊಸ ಪಿಕ್ಚರ್ ಬರುತ್ತದೆ. ನೋಡೋಕೆ ನಾವೂ ಇರಬೇಕಲ್ಲ!