ಮೈಯ ಭಾರ, ಮಾತಿನ ಭಾರ

ಮನುಷ್ಯರಿಗೆ ಬರುವ ಬೇನೆಗಳಲ್ಲಿ ಕೆಲವಕ್ಕೆ ಲೋಕದಲ್ಲಿ ಮರ್ಯಾದೆಯುಂಟು, ಕೆಲವಕ್ಕೆ ಇಲ್ಲ. ಜ್ವರ ಬಂದವರಿಗೆ ನೆರೆಯವರು ಗಂಜಿ ಕಾಯಿಸಿ ತರುವರು. ಕಾಲು ಮುರಿದವರನ್ನು ಓಣಿಯೆಲ್ಲ ಬಂದು ನೋಡಿಕೊಂಡು ಹೋಗುವುದು. ಆದರೆ ಹೊರಗೆ ಗಾಯವಿಲ್ಲದೆ, ಮೈ ಬಿಸಿಯಿಲ್ಲದೆ, ದಿನದಿಂದ ದಿನಕ್ಕೆ ಶರೀರವು ಭಾರವಾಗುತ್ತ, ಕೈಕಾಲುಗಳು ಜಡವಾಗುತ್ತ ಹೋಗುವ ಬೇನೆಯೊಂದುಂಟು. ಅದಕ್ಕೆ ಗಂಜಿಯೂ ಇಲ್ಲ, ಮರುಕವೂ ಇಲ್ಲ. ಜನರು ಅದಕ್ಕೆ ಇಟ್ಟಿರುವ ಹೆಸರು ಸೋಮಾರಿತನವೆಂದು. ಆ ಹೆಸರನ್ನು ನಾವು ಹೊತ್ತದ್ದುಂಟು. ಅದಕ್ಕಿಂತ ಹೆಚ್ಚಾಗಿ ನಾಚತಕ್ಕ ಸಂಗತಿಯೆಂದರೆ, ಮತ್ತೊಬ್ಬರ ಮೇಲೆ ಹೊರಿಸಿದ್ದೂ ಉಂಟು. ಇವೆರಡನ್ನೂ ವಾಚಕ ಸೋದರಿಯರ ಮುಂದೆ ಇಡುವ ಸಲುವಾಗಿಯೇ ಈ ಬರಹವು.

ನಮ್ಮ ತವರೂರು ಹುಮನಾಬಾದ, ಕೊಟ್ಟ ಮನೆ ಬಸವಕಲ್ಯಾಣ. ಎರಡೂ ಬೀದರ ಜಿಲ್ಲೆಯ ಊರುಗಳೇ. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ವೀರಭದ್ರೇಶ್ವರನ ತೇರು ಹರಿಯುವ ಊರಿನಲ್ಲಿ ಹುಟ್ಟಿ, ಹಿಂದೆ ಚಾಲುಕ್ಯರು ರಾಜಧಾನಿ ಮಾಡಿಕೊಂಡಿದ್ದ ಊರಿಗೆ ಸೊಸೆಯಾಗಿ ಬಂದೆವು. ೧೨ನೆಯ ಶತಮಾನದಲ್ಲಿ ಬಸವಣ್ಣನವರು ದುಡಿಮೆಗೆ ಕಾಯಕವೆಂಬ ಹೆಸರು ಕೊಟ್ಟು ಅದನ್ನು ಪೂಜೆಯ ಸಾಲಿಗೆ ಏರಿಸಿದ ಕಲ್ಯಾಣವಿದು. ಇಂಥ ಊರಿನಲ್ಲಿ ಸೋಮಾರಿಯೆನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಬೇರೆ ಕಡೆಯಲ್ಲಿ ಅದು ಬರಿಯ ಬೈಗಳವಾದೀತು. ಇಲ್ಲಿ ಅದು ಅಪರಾಧದ ಹಾಗೆ ಕೇಳಿಸುತ್ತದೆ.

೨೦೨೨ನೆಯ ಇಸವಿಯ ಜನವರಿಯಲ್ಲಿ ಬಂದ ಎಳ್ಳ ಅಮಾವಾಸ್ಯೆಗೆ ತವರಿಗೆ ಹೋಗಿದ್ದೆವು. ನಮ್ಮ ಕಡೆಯಲ್ಲಿ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಪೈರಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಸಾಲಾಗಿ ಕುಳಿತು ಉಣ್ಣುವುದು ವಾಡಿಕೆ. ಊಟವಾದ ಮೇಲೆ ಎಲ್ಲರೂ ಎದ್ದರು. ನಮಗೆ ಮಾತ್ರ ಏಳಲಾಗಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ತಮ್ಮನ ತೋಳು ಹಿಡಿದು ಎದ್ದೆವು. ತಮ್ಮನ ಹೆಂಡತಿ ನಗುತ್ತ, “ಅಕ್ಕಾರ, ಕಲ್ಯಾಣದಾಗ ಕೆಲಸ ಎಲ್ಲಾ ಆಳುಗಳೇ ಮಾಡ್ತಾರೇನ್ರಿ?” ಎಂದಳು. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಬೆಳಗಿನ ಜಾವಕ್ಕೆದ್ದು ಹನ್ನೆರಡು ಮಂದಿಗೆ ರೊಟ್ಟಿ ಬಡಿಯುವ ಮನೆಯಿಂದ ಬಂದಿದ್ದ ನಮಗೆ ಅದು ಎದೆಗೆ ನೆಟ್ಟಿತು.

ಆಗ ನಮ್ಮ ತೂಕ ೭೮ ಕಿಲೋ. ನಾಲ್ಕು ವರ್ಷದ ಕೆಳಗೆ ೬೧ ಇದ್ದಿತು. ಊಟವು ಅಷ್ಟೇನೂ ಹೆಚ್ಚಿರಲಿಲ್ಲ. ಮುಖ ಊದಿತ್ತು, ಚರ್ಮ ಒಣಗಿತ್ತು, ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು ಬರುತ್ತಿತ್ತು. ಚೈತ್ರದಲ್ಲಿಯೂ ಕೌದಿ ಹೊದೆಯಬೇಕೆನಿಸುತ್ತಿತ್ತು. ಉಪ್ಪಿನ ಡಬ್ಬಿಯನ್ನು ಎಲ್ಲಿಟ್ಟೆವೆಂಬುದು ಗಳಿಗೆಯೊಳಗೆ ಮರೆತುಹೋಗುತ್ತಿತ್ತು. ವಯಸ್ಸಿನ ದೋಷವೆಂದು ಒಬ್ಬರು, ಮನಸ್ಸಿನ ದೋಷವೆಂದು ಒಬ್ಬರು ಹೇಳಿದರು. ಅಂಗಡಿಯವರೊಬ್ಬರು ತೂಕ ಇಳಿಸುವ ಪುಡಿಯ ಡಬ್ಬಿಯನ್ನು ಮಾರಿದರು. ಅದರಿಂದ ಇಳಿದದ್ದು ನಮ್ಮ ಹಣದ ಚೀಲ ಮಾತ್ರ.

ಕೊನೆಗೆ ಯಜಮಾನರು ಬಲವಂತದಿಂದ ವೈದ್ಯರ ಬಳಿಗೆ ಕರೆದೊಯ್ದರು. ರಕ್ತದ ಪರೀಕ್ಷೆಯಾಯಿತು. ಕುತ್ತಿಗೆಯ ಮುಂಭಾಗದಲ್ಲಿ ಪಾತರಗಿತ್ತಿಯ ರೆಕ್ಕೆಗಳ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ರಸವನ್ನು ಸಾಕಷ್ಟು ಒದಗಿಸುತ್ತಿಲ್ಲವೆಂದು ತಿಳಿಯಿತು. ಶರೀರವೆಂಬ ಒಲೆಯ ಉರಿಯನ್ನು ಎಷ್ಟಿಡಬೇಕೆಂದು ನಿಯಮಿಸುವುದು ಆ ರಸವೇ. ಅದು ಕಡಿಮೆಯಾದರೆ ಹೃದಯವು ನಿಧಾನ, ಕರುಳು ನಿಧಾನ, ಬುದ್ಧಿಯೂ ನಿಧಾನ. ಗ್ರಂಥಿಯು ಆಲಸ್ಯ ಮಾಡಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಒಕ್ಕಲಿಗನು ಎತ್ತನ್ನು ಗದರಿಸುವಂತೆ ಅದನ್ನು ಗದರಿಸುತ್ತದೆ. ಆ ಗದರಿಕೆಗೆ ವೈದ್ಯರು ಟಿ.ಎಸ್.ಎಚ್. ಎನ್ನುತ್ತಾರೆ. ಆರೋಗ್ಯವಂತರಲ್ಲಿ ಅದು ಸುಮಾರು ನಾಲ್ಕರೊಳಗೆ ಇರತಕ್ಕದ್ದು. ನಮ್ಮಲ್ಲಿ ೩೮ ಇದ್ದಿತು. ಸೋಮಾರಿಯಾಗಿದ್ದುದು ನಾವಲ್ಲ, ಬೊಗಸೆಯಲ್ಲಿ ಹಿಡಿಯಬಹುದಾದ ಒಂದು ಗ್ರಂಥಿ!

ಇದೇನು ಅಪರೂಪದ ಬೇನೆಯಲ್ಲ. ನಮ್ಮ ದೇಶದ ಎಂಟು ನಗರಗಳಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಇದು ಕಂಡುಬಂದಿತು. ಅವರಲ್ಲಿ ಹೆಂಗಸರೇ ಹೆಚ್ಚು. ಇದಕ್ಕೆ ಔಷಧವೂ ಹೊಸದಲ್ಲ. ಇಂಗ್ಲೆಂಡಿನ ಜಾರ್ಜ್ ಮರೇ ಎಂಬ ವೈದ್ಯರು ೧೮೯೧ರಲ್ಲಿ ಕುರಿಯ ಗ್ರಂಥಿಯ ಸಾರವನ್ನು ಈ ಬೇನೆಯ ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ ೨೮ ವರ್ಷ ಬದುಕಿದಳು. ೧೯೧೪ರಲ್ಲಿ ಅಮೆರಿಕದ ಕೆಂಡಾಲರು ಆ ರಸದ ಹರಳನ್ನು ಬೇರ್ಪಡಿಸಿ ತೆಗೆದರು. ೧೯೨೭ರಲ್ಲಿ ಹ್ಯಾರಿಂಗ್ಟನ್, ಬಾರ್ಜರ್ ಎಂಬಿಬ್ಬರು ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಇಂದು ನಮ್ಮ ಊರಿನ ಔಷಧದಂಗಡಿಯಲ್ಲಿ ಲೆವೊಥೈರಾಕ್ಸಿನ್ ಎಂದು ದೊರೆಯುವ ಸಣ್ಣ ಮಾತ್ರೆಯು ಅದರ ಸಂತಾನವೇ.

ಮಾತ್ರೆ ಬಂದಿತು, ಇನ್ನು ಹಬ್ಬದೊಳಗೆ ಮೊದಲಿನ ರವಿಕೆಗಳು ಹಿಡಿಸುವುವೆಂದು ನಾವು ಹಿಗ್ಗಿದೆವು. ಮೊದಲ ತಪ್ಪು ಅಲ್ಲಿಯೇ ಆಯಿತು. ನಮ್ಮ ಕಡೆಯಲ್ಲಿ ಬೆಳಗಾಗುವುದೇ ಚಹದಿಂದ. ಆ ಚಹದ ಜೊತೆಯಲ್ಲಿಯೇ ಮಾತ್ರೆಯನ್ನು ನುಂಗುತ್ತ ಬಂದೆವು. ಆರು ವಾರ ಕಳೆದು ನೋಡಿದರೆ ಟಿ.ಎಸ್.ಎಚ್. ಇಳಿದದ್ದು ಅಲ್ಪ. ವೈದ್ಯರು ವಿಚಾರಿಸಿ, “ತಾಯೀ, ಈ ಮಾತ್ರೆಗೆ ಬರಿ ಹೊಟ್ಟೆ, ಬರಿ ನೀರು. ಚಹಕ್ಕೂ ತಿಂಡಿಗೂ ಅರ್ಧ ತಾಸಾದರೂ ತಡೆಯಿರಿ, ಒಂದು ತಾಸಾದರೆ ಇನ್ನೂ ಒಳ್ಳೆಯದು. ಕಬ್ಬಿಣದ ಮಾತ್ರೆ, ಸುಣ್ಣದಂಶದ ಮಾತ್ರೆಗಳಿದ್ದರೆ ನಾಲ್ಕು ತಾಸು ದೂರವಿಡಿರಿ” ಎಂದರು. ಅಂದಿನಿಂದ ಮಾತ್ರೆಯ ಬಾಟಲಿಯು ಚಹದ ಡಬ್ಬಿಯ ನೆರೆಯನ್ನು ಬಿಟ್ಟು ಹಾಸಿಗೆಯ ತಲೆದೆಸೆಗೆ ಹೋಯಿತು.

ಮೂರು ತಿಂಗಳಲ್ಲಿ ಮುಖದ ಊತ ಇಳಿಯಿತು, ಚಳಿ ಬಿಟ್ಟಿತು, ಮರೆವು ಕಡಿಮೆಯಾಯಿತು. ತೂಕ ೭೫ಕ್ಕೆ ಇಳಿದು ಅಲ್ಲಿಯೇ ನಿಂತಿತು. ಮತ್ತೆರಡು ತಿಂಗಳು ಕಳೆದರೂ ಕದಲಲಿಲ್ಲ. ಆಗ ನಾವು ಮಾಡಿದ ಎರಡನೆಯ ತಪ್ಪು ಮೊದಲಿನದಕ್ಕಿಂತ ಕೆಟ್ಟದ್ದು. ಒಂದು ಮಾತ್ರೆಯಿಂದ ಮೂರು ಕಿಲೋ ಇಳಿದರೆ ಎರಡರಿಂದ ಆರು ಇಳಿದೀತೆಂದು ಎಣಿಸಿ, ಯಾರಿಗೂ ಹೇಳದೆ ದಿನಕ್ಕೆರಡು ನುಂಗತೊಡಗಿದೆವು. ಮೂರನೆಯ ವಾರದಲ್ಲಿ ಎದೆ ಡವಡವಿಸಹತ್ತಿತು, ಕೈ ನಡುಗಿತು, ರಾತ್ರಿಯೆಲ್ಲ ನಿದ್ರೆಯಿಲ್ಲ. ಒಂದು ಮಧ್ಯರಾತ್ರಿ ಯಜಮಾನರನ್ನು ಎಬ್ಬಿಸಿ, ಅಳುತ್ತ ನಿಜವನ್ನು ಹೇಳಿದೆವು.

ವೈದ್ಯರು ಬೈಯಲಿಲ್ಲ, ಕೂಡಿಸಿಕೊಂಡು ತಿಳಿಸಿದರು. ಈ ಬೇನೆಯಿಂದಲೇ ಏರುವ ಭಾರವು ಬಹುಮಟ್ಟಿಗೆ ಮೈಯಲ್ಲಿ ನಿಲ್ಲುವ ಉಪ್ಪು ನೀರಿನದು. ಸಾಮಾನ್ಯವಾಗಿ ಕೆಲವೇ ಕಿಲೋಗಳಷ್ಟು. ಮಾತ್ರೆಯು ಅದನ್ನು ಮಾತ್ರ ಇಳಿಸುತ್ತದೆ. ಉಳಿದದ್ದು ಎಲ್ಲರಲ್ಲಿಯೂ ಇರುವಂಥ ಕೊಬ್ಬು. ಅದು ಹೋಗಬೇಕಾದರೆ ಎಲ್ಲರೂ ಹೋಗುವ ದಾರಿಯಲ್ಲಿಯೇ ಹೋಗಬೇಕು. ಮಾತ್ರೆಯನ್ನು ಬೇಕಿದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಹೃದಯದ ತಾಳ ತಪ್ಪುತ್ತದೆ, ಎಲುಬು ಸವೆಯುತ್ತದೆ. “ಮಾತ್ರೆಯು ನಿಮ್ಮನ್ನು ಉಳಿದವರ ಸಮಕ್ಕೆ ತಂದು ನಿಲ್ಲಿಸಿದೆ. ಅಲ್ಲಿಂದ ಮುಂದೆ ನಡೆಯತಕ್ಕವರು ನೀವು” ಎಂದರು. ಎಲೆಕೋಸು ತಿನ್ನಬಾರದೆಂದು ನೆರೆಯವರು ಹೆದರಿಸಿದ್ದನ್ನು ಕೇಳಿದಾಗ, ಬೇಯಿಸಿ ಮಿತವಾಗಿ ಉಂಡರೆ ಭಯವಿಲ್ಲವೆಂದು ನಕ್ಕರು.

ಹೊರಡುವ ಮುನ್ನ ಅವರು, “ಇದು ಮನೆತನದಲ್ಲಿ ಹರಿದುಬರುವುದುಂಟು. ನಿಮ್ಮ ತಾಯಿಯವರಿಗೆ ಇತ್ತೇ?” ಎಂದು ಕೇಳಿದರು.

ನಮಗೆ ಉತ್ತರ ಹೊರಡಲಿಲ್ಲ. ಕಣ್ಣ ಮುಂದೆ ಹುಮನಾಬಾದಿನ ಅಡಿಗೆಮನೆ ಬಂದು ನಿಂತಿತು. ಒಲೆಯ ಮುಂದೆ ಕಂಬಳಿ ಹೊದ್ದು ಕುಳಿತ ಅವ್ವ; ಗಡುಸಾದ ಅವಳ ದನಿ; ಊದಿದ ಕಣ್ಣೆವೆ; ಒಂದು ಕೊಡ ನೀರು ತರುವುದರೊಳಗೆ ಎರಡು ಸಲ ಕೂಡ್ರುತ್ತಿದ್ದ ರೀತಿ. ಅಪ್ಪನು ಬೈಯುತ್ತಿದ್ದನು, ಅಜ್ಜಿಯು ಹಂಗಿಸುತ್ತಿದ್ದಳು. ನಾವು ಮಕ್ಕಳೂ ಹಿಂದುಳಿಯಲಿಲ್ಲ. “ಅವ್ವಾ, ನೀ ಕುಂತಲ್ಲೇ ಬೇರು ಬಿಡ್ತಿ ನೋಡು” ಎಂದು ನೆಂಟರ ಮುಂದೆ ಅಂದು ಎಲ್ಲರನ್ನೂ ನಗಿಸಿದವರು ನಾವೇ. ಅವಳೂ ನಕ್ಕಿದ್ದಳು.

ಆ ವಾರವೇ ಹುಮನಾಬಾದಕ್ಕೆ ಹೋದೆವು. ಅವ್ವನಿಗೆ ಆಗ ೬೭ ವರ್ಷ. “ಈ ವಯಸ್ಸಿನಾಗ ನನಗ್ಯಾತರ ಪರೀಕ್ಷಾ?” ಎಂದಳು. ಒತ್ತಾಯಪಡಿಸಿ ರಕ್ತ ಕೊಡಿಸಿದೆವು. ಅವಳ ಟಿ.ಎಸ್.ಎಚ್. ನಮ್ಮದಕ್ಕಿಂತ ಬಹಳ ಮೇಲಿತ್ತು. ವಯಸ್ಸಾದವರಿಗೆ ಒಮ್ಮೆಲೇ ಹೆಚ್ಚು ಔಷಧ ಕೊಟ್ಟರೆ ಹೃದಯಕ್ಕೆ ಶ್ರಮವಾಗುವುದರಿಂದ, ಮೊದಲು ಹೃದಯವನ್ನು ಪರೀಕ್ಷಿಸಿ, ೨೫ ಮೈಕ್ರೋಗ್ರಾಮಿನಿಂದ ಆರಂಭಿಸಿ ಮೆಲ್ಲಗೆ ಏರಿಸಿದರು. ಆ ರಾತ್ರಿ ಅವಳ ಕಾಲ ಬಳಿ ಕುಳಿತು ನಮ್ಮ ಹಳೆಯ ಮಾತಿಗೆ ಕ್ಷಮೆ ಕೇಳಿದೆವು. ಅವ್ವ ಬಹಳ ಹೊತ್ತು ಸುಮ್ಮನಿದ್ದು, “ನೀವು ಅಂದದ್ದು ಇರಲಿ ಮಗಾ. ಮೂವತ್ತು ವರ್ಷ ನಾನೂ ನನಗ ಅದನ್ನೇ ಅನಕೊಂತ ಬಂದೀನಿ” ಎಂದಳು. ಈ ಮಾತಿಗೆ ನಮ್ಮ ಬಳಿ ಇಂದಿಗೂ ಉತ್ತರವಿಲ್ಲ.

ಬಸವಕಲ್ಯಾಣಕ್ಕೆ ಹಿಂದಿರುಗಿದ ಮೇಲೆ ನಮ್ಮ ಕ್ರಮ ಬದಲಾಯಿತು. ಬೆಳಿಗ್ಗೆ ಮಾತ್ರೆ ನುಂಗಿ, ಚಹಕ್ಕೆ ಕಾಯಬೇಕಾದ ಆ ಒಂದು ತಾಸನ್ನೇ ನಡಿಗೆಗೆ ಇಟ್ಟುಕೊಂಡೆವು. ಮೊದಲ ದಿನ ಕೋಟೆಯ ಬಾಗಿಲವರೆಗೆ ಹೋಗುವುದರೊಳಗೆ ಎದುಸಿರು ಬಂದಿತು. ಚಳಿಗಾಲದ ಹೊತ್ತಿಗೆ ತ್ರಿಪುರಾಂತಕ ಕೆರೆಯ ಕಡೆಗೆ ಹೋಗಿ ಬರುವಷ್ಟಾಯಿತು. ರೊಟ್ಟಿ ನಾಲ್ಕಿದ್ದದ್ದು ಎರಡಾಯಿತು. ಬದಲಿಗೆ ಪುಂಡಿಪಲ್ಲೆ, ಮೊಳಕೆಯ ಕಾಳು, ಮಜ್ಜಿಗೆಗಳು ಹೆಚ್ಚಿದವು. ಸಂಜೆಯ ಮಿರ್ಚಿಭಜಿಯನ್ನು ಸಂತೆಯ ದಿನಕ್ಕೆ ಮೀಸಲಿಟ್ಟೆವು; ಚಹಕ್ಕೆ ಸಕ್ಕರೆ ಬಿಟ್ಟೆವು. ಹಬ್ಬದ ಹೋಳಿಗೆಯನ್ನು ಬಿಡಲಿಲ್ಲ, ಒಂದಕ್ಕೆ ನಿಲ್ಲಿಸಿದೆವು. ತಿಂಗಳಿಗೆ ಅರ್ಧ ಕಿಲೋ ಇಳಿದರೆ ಅದೇ ಹೆಚ್ಚು. ಕೆಲವು ತಿಂಗಳು ಅದೂ ಇಲ್ಲ. ಒಂದೂವರೆ ವರ್ಷ ಕಳೆಯುವಾಗ ತಕ್ಕಡಿಯು ೬೭ ತೋರಿಸಿತು. ಹಳೆಯ ರವಿಕೆಗಳು ಇಂದಿಗೂ ಹಿಡಿಸುವುದಿಲ್ಲ. ಅವನ್ನು ಮಗಳಿಗೆ ಕೊಟ್ಟೆವು. ಜೊತೆಗೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು.

೨೦೨೩ರ ಡಿಸೆಂಬರಿನಲ್ಲಿ ಮಾಣಿಕನಗರದ ದತ್ತಜಯಂತಿಯ ಉತ್ಸವಕ್ಕೆ ಅವ್ವ ಹುಮನಾಬಾದಿನ ಮನೆಯಿಂದ ನಡೆದೇ ಹೋದಳೆಂದು ತಮ್ಮನು ಫೋನಿನಲ್ಲಿ ತಿಳಿಸಿದನು. ಮರು ತಿಂಗಳ ಎಳ್ಳ ಅಮಾವಾಸ್ಯೆಗೆ ನಾವೂ ಹೋದೆವು. ಜೋಳದ ಬೆಳೆಯ ನಡುವೆ ಚರಗ ಚೆಲ್ಲುತ್ತ ಅವ್ವ ಹೊಲವನ್ನು ಒಂದು ಸುತ್ತು ಬಂದಳು. ಅವಳು ತೆಳ್ಳಗಾಗಿರಲಿಲ್ಲ, ಮೊದಲಿನಂತೆಯೇ ದಪ್ಪಗಿದ್ದಳು. ಆದರೆ ನಡುವೆ ಎಲ್ಲಿಯೂ ಕೂಡ್ರಲಿಲ್ಲ. ನಾವು ಅವಳ ಹಿಂದೆ ಬುಟ್ಟಿ ಹಿಡಿದು ನಡೆದೆವು.

ಸೋದರಿಯರೇ, ನಿಮ್ಮ ಮನೆಯಲ್ಲಿಯೂ ಬೇಸಗೆಯಲ್ಲಿ ಕಂಬಳಿ ಹೊದೆಯುವ, ಕುಳಿತಲ್ಲಿಂದ ಏಳಲಾರದ, ಮಾತು ಮಾತಿಗೆ ಮರೆಯುವ ಒಬ್ಬ ಅತ್ತೆಯೋ ತಾಯಿಯೋ ಇರಬಹುದು. ಅವರನ್ನು ಸೋಮಾರಿಯೆನ್ನುವ ಮುನ್ನ ಒಮ್ಮೆ ರಕ್ತದ ಪರೀಕ್ಷೆ ಮಾಡಿಸಿರಿ. ಮಾತ್ರೆ ಬಂದರೆ ಅದನ್ನು ವೈದ್ಯರು ಹೇಳಿದಷ್ಟೇ, ಹೇಳಿದ ಹಾಗೆಯೇ ಕೊಡಿರಿ. ಭಾರವು ಇಳಿದಾಗ ಇಳಿಯಲಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ತಡಮಾಡಬೇಡಿರಿ. ನಾವು ಬಹಳ ತಡಮಾಡಿದೆವು.