ತಿದ್ದುವವರಿಲ್ಲದ ಓದು



ಅರವತ್ತು ದಾಟಿದ ಮೇಲೆ ಪ್ರಾಚೀನ ಗ್ರೀಕ್ ವ್ಯಾಕರಣವನ್ನು ಗುರುವಿಲ್ಲದೆ, ಪುಸ್ತಕವೊಂದನ್ನೇ ನಂಬಿ ಕಲಿಯಲು ಹೊರಟೆನೆಂದರೆ ನೀವು ನಕ್ಕೀರಿ. ಶ್ರೀ ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ನಾಟಕಕ್ಕೆ ಸೊಫೋಕ್ಲಿಸ್ ಮಹಾಕವಿಯ ಕೃತಿಯೊಂದು ಆಧಾರವೆಂದು ತಿಳಿದಂದಿನಿಂದ, ಆ ಮೂಲದ ನಾಲ್ಕು ಪಂಕ್ತಿಗಳನ್ನಾದರೂ ನಾನೇ ಬಿಡಿಸಿ ಓದಬೇಕೆಂಬ ಹಂಬಲ ನನ್ನಲ್ಲಿತ್ತು.

24 ಅಕ್ಷರಗಳು ಒಂದು ವಾರದಲ್ಲಿ ಕೈವಶವಾದುವು. ಬಳಿಕ ಎದುರಾದದ್ದು ಅಪರಿಚಿತರಲ್ಲ, ಹಳೆಯ ನೆಂಟರು! ಬಾಲ್ಯದಲ್ಲಿ ಶ್ರೀಮಠದ ಪಾಠಶಾಲೆಯಲ್ಲಿ ಉರುಹೊಡೆದ ಸಂಸ್ಕೃತದ 'ಅಸ್ತಿ' ಇಲ್ಲಿ 'ಎಸ್ತಿ'. 'ದದಾಮಿ' ಇಲ್ಲಿ 'ದಿದೋಮಿ'. 'ಭರಾಮಿ' ಇಲ್ಲಿ 'ಫೆರೋ'. ದ್ವಿವಚನವುಂಟು, ಆತ್ಮನೇಪದವನ್ನು ಹೋಲುವ ಕ್ರಿಯಾರೂಪವುಂಟು. 'ಅಭರಮ್' ಎಂಬಲ್ಲಿ ಭೂತಕಾಲಕ್ಕೆ ಅಕಾರವು ಮುಂದೆ ಬಂದು ನಿಲ್ಲುವಂತೆ 'ಎಫೆರೊನ್' ಎಂಬಲ್ಲಿ ಎಕಾರವು ನಿಲ್ಲುತ್ತದೆ. ಈ ಸಲುಗೆಯೇ ನನ್ನಲ್ಲಿ ಗರ್ವವನ್ನು ಬೆಳೆಸಿತು.

ಅಭ್ಯಾಸಪಾಠದಲ್ಲಿ ಒಂದು ವಾಕ್ಯ: 'ತ ದೋರ ಕಲ ಎಸ್ತಿ.' ಕೊಡುಗೆಗಳು ಚೆಲುವಾಗಿವೆ ಎಂದರ್ಥ. ಕರ್ತೃಪದ ಬಹುವಚನ, ಕ್ರಿಯಾಪದವೋ ಏಕವಚನ. ಅಚ್ಚಿನ ದೋಷವೆಂದು ನಿಶ್ಚಯಿಸಿ, 'ಎಸ್ತಿ'ಯನ್ನು ಸೀಸದ ಕಡ್ಡಿಯಿಂದ ಹೊಡೆದು, ಬಹುವಚನದ 'ಏಸಿ' ಎಂದು ಬರೆದೆನು. ಮುಂದಿನ ಪುಟಗಳಲ್ಲಿ ಇಂಥವೇ ಇನ್ನೂ ಆರು ಕಡೆ ತಿದ್ದಿದೆನು. ಪುಸ್ತಕ ಸುಮ್ಮನಿತ್ತು, ಪುಸ್ತಕಕ್ಕೆ ಗದರಿಸಲು ಬಾಯಿಲ್ಲವಷ್ಟೆ.

ಎರಡು ತಿಂಗಳ ತರುವಾಯ ಸಣ್ಣಕ್ಷರದ ಸೂತ್ರವೊಂದು ಕಣ್ಣಿಗೆ ಬಿತ್ತು: ನಪುಂಸಕಲಿಂಗದ ಬಹುವಚನ ಕರ್ತೃವಿಗೆ ಕ್ರಿಯಾಪದವು ಏಕವಚನದಲ್ಲಿರುವುದು ವಾಡಿಕೆ. ಆ ಬಹುವಚನರೂಪವು ಮೂಲದಲ್ಲಿ ಸಮೂಹವಾಚಕವಾಗಿತ್ತೆಂದು ಭಾಷಾವಿಜ್ಞಾನಿಗಳು ವಿವರಿಸುತ್ತಾರೆ. ಏಳು ತಿದ್ದುಪಡಿಗಳೂ ನನ್ನವೇ ತಪ್ಪುಗಳು! ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, 'ದನಗಳು ಬಂತು', 'ಎಲೆಗಳು ಉದುರಿತು' ಎಂದು ನಮ್ಮ ಮನೆಯಲ್ಲಿ ದಿನವೂ ಆಡುತ್ತೇವೆ. ಕನ್ನಡವೂ ಗ್ರೀಕೂ ಒಂದೇ ಕುಲದ ಭಾಷೆಗಳಲ್ಲ, ನಿಜ. ಆದರೂ ಕಿವಿ ತೆರೆದಿದ್ದರೆ ಮನೆಯ ಮಾತೇ ನನ್ನನ್ನು ತಡೆಯುತ್ತಿತ್ತು.

ಆಗ ನೆನಪಾದವರು ಪಾಠಶಾಲೆಯ ನಮ್ಮ ಪಂಡಿತರು. ಪಾಠ ತಪ್ಪಿದೆಯೆಂದು ಯಾವ ಹುಡುಗನಾದರೂ ಹೇಳಿದರೆ, "ಮೊದಲು 'ನನಗೆ ತಿಳಿಯಲಿಲ್ಲ' ಅನ್ನಪ್ಪಾ, ಆಮೇಲೆ ತಪ್ಪು ಯಾರದೆಂದು ನೋಡೋಣ" ಎನ್ನುತ್ತಿದ್ದರು. ಹದಿನಾರರ ಹರೆಯದಲ್ಲಿ ನಾನು, "ಈ ಗಿಳಿಪಾಠದಿಂದ ಏನು ಪ್ರಯೋಜನ?" ಎಂದು ಅವರ ಎದುರಿಗೇ ನುಡಿದು ತರಗತಿಯನ್ನು ಬಿಟ್ಟೆನು. ಅವರು ಬೈಯಲಿಲ್ಲ. ಮರುದಿನವೂ ನನ್ನ ಮಣೆಯನ್ನು ಅದರ ಜಾಗದಲ್ಲಿಯೇ ಇರಿಸಿದ್ದರೆಂದು ಸಹಪಾಠಿಯೊಬ್ಬನು ಹೇಳಿದನು. ನಾನು ಹೋಗಲಿಲ್ಲ. ಇಂದು ಗ್ರೀಕ್ ಪುಟದಲ್ಲಿ ನನ್ನ ಕೈಹಿಡಿದು ನಡೆಸುತ್ತಿರುವುದು ಅದೇ ಗಿಳಿಪಾಠ. ಕ್ಷಮೆ ಬೇಡೋಣವೆಂದರೆ ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದುವು.

ಆರು ತಿದ್ದುಪಡಿಗಳನ್ನು ಅಳಿಸಿದ್ದೇನೆ. ಮೊದಲನೆಯದನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ 'ನನಗೆ ತಿಳಿಯಲಿಲ್ಲ' ಎಂದು ಬರೆದಿದ್ದೇನೆ. ಸೊಫೋಕ್ಲಿಸನ ಪಂಕ್ತಿಗಳು ಇನ್ನೂ ದೂರವಿವೆ. ಶ್ರೀಮಠದಲ್ಲಿ ಕಲಿತ ಬಂಧುಗಳೇ, ತಾವಾಗಿಯೇ ಏನನ್ನಾದರೂ ಕಲಿಯಿರಿ, ವಯಸ್ಸು ಅಡ್ಡಿಯಲ್ಲ. ಆದರೆ ನಿಮ್ಮನ್ನು ತಿದ್ದಿದವರು ಇನ್ನೂ ಇದ್ದರೆ, ಈ ತಿಂಗಳೇ ಹೋಗಿ ಕಂಡು ಬನ್ನಿ.