ನಲವತ್ತು ನಿಮಿಷದ ಸೀಸನ್

ನಾಗಪುರದಲ್ಲಿದ್ದೇನೆ ಎಂದರೆ ಬೆಂಗಳೂರಿನ ನೆಂಟರು ಕೇಳುವ ಪ್ರಶ್ನೆ ಎರಡೇ. ಕಿತ್ತಳೆ ಸೀಸನ್ ಯಾವಾಗ? ಬಿಸಿಲು ನಿಜವಾಗ್ಲೂ ಅಷ್ಟೊಂದಾ? ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಈ ಊರಿಗೆ ಇನ್ನೊಂದು ಸೀಸನ್ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಸೀಸನ್. ಮೂರು ವರ್ಷ ನಮ್ಮ ಮನೆಯ ಗಡಿಯಾರ ಅದರ ಲೆಕ್ಕದಲ್ಲೇ ಓಡಿತು. ಅದು ಮುಗಿದ ಬಗೆಯನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. 2001ರಲ್ಲಿ ಹಿಂಗಣಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ, ಮೂರೇ ವರ್ಷ ಅಂತ ಬಂದವನು ಇಲ್ಲೇ ಬೇರು ಬಿಟ್ಟೆ. ಮಗ ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಕನ್ನಡ, ಗೆಳೆಯರ ಜೊತೆ ಹಿಂದಿ, ಕೋರ್ಟಿನೊಳಗೆ ಮರಾಠಿ. ಅವನ ಕನ್ನಡಕ್ಕೆ ತುಸು ತರ್ರಿ ಬಿದ್ದಿದೆ ಎಂದು ಅವನ ಅಜ್ಜಿ ನಗುತ್ತಾರೆ. (ತರ್ರಿ ಅಂದರೆ ಇಲ್ಲಿ ಬೆಳಿಗ್ಗೆ ಅವಲಕ್ಕಿಯ ಮೇಲೆ ಸುರಿಯುವ ಕಡಲೆಕಾಳಿನ ಖಾರದ ಸಾರು. ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ.) ಕನ್ನಡದವರು ಇಲ್ಲಿಗೆ ಹೊಸಬರಲ್ಲ ಎಂದು ನಾನು ಅವನಿಗೆ ಆಗಾಗ ಹೇಳುವುದುಂಟು. ನಾಗಪುರ ಎಂಬ ಹೆಸರು ಮೊದಲು ಕಾಣಿಸುವುದೇ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, 940ನೇ ಇಸವಿಯ ತಾಮ್ರಪಟದಲ್ಲಿ. ಅದು ಸಿಕ್ಕಿದ್ದು ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ. ಮಗನ ಉತ್ತರ: "ಅಪ್ಪಾ, ಅವನು ಊರು ದಾನ ಕೊಟ್ಟು ವಾಪಸ್ ಹೋದ. ನೀವು ಹೋಗ್ಲಿಲ್ಲ."

ಈ ಊರಿನ ಬಡಾವಣೆಗಳಲ್ಲಿ ಬೆಳಿಗ್ಗೆ ನಡೆದಾಡಿದರೆ ಕಾಂಪೌಂಡಿನಾಚೆಯಿಂದ ಒಂದು ಸದ್ದು ಕೇಳುತ್ತದೆ. ಸಿಮೆಂಟಿನ ಮೇಲೆ ಚೆಂಡು ಪುಟಿಯುವ ಸದ್ದು. ಶಿವಾಜಿ ನಗರ ಜಿಮಖಾನಾ, ಧರಮಪೇಠ ಕ್ರೀಡಾ ಮಂಡಳದಂಥ ಬಡಾವಣೆ ಕ್ಲಬ್ಬುಗಳು ಈ ಆಟವನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳೆದವರಿಗೆ ಬೀಗಲ್ಸ್ ಕ್ಲಬ್ಬಿನ ನೆನಪಿದ್ದರೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ನಾಗಪುರದ ಫುಟ್‌ಬಾಲಿಗಾದರೆ ಸಿನಿಮಾ ಭಾಗ್ಯ ಬಂತು. ಹಿಸ್ಲಾಪ್ ಕಾಲೇಜಿನ ಕ್ರೀಡಾ ಶಿಕ್ಷಕ ವಿಜಯ್ ಬಾರ್ಸೆ ಕೊಳೆಗೇರಿ ಹುಡುಗರನ್ನು ಕಟ್ಟಿಕೊಂಡು ಆಡಿಸಿದ ಕಥೆ 2022ರಲ್ಲಿ 'ಝುಂಡ್' ಆಗಿ ತೆರೆಗೆ ಬಂತು. ಬ್ಯಾಸ್ಕೆಟ್‌ಬಾಲ್ ಮಾತ್ರ ಕಾಂಪೌಂಡಿನೊಳಗೇ ಉಳಿದಿದೆ.

ಒಂದು ತಮಾಷೆ ನೋಡಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದ್ದೇ ಹೊರಗೆ ಕಾಲಿಡಲಾಗದ ಚಳಿಗೆ. ಹುಡುಗರು ಒಳಗೇ ಆಡಲಿ ಎಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ನಿಲ್ಲಿಸಿದ. ಆ ಹತ್ತಡಿ ಇವತ್ತಿಗೂ ಬದಲಾಗಿಲ್ಲ. ಸೂರು ಮಾತ್ರ ನಮ್ಮ ಪಾಲಿಗೆ ಬರಲಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ಹುಡುಗರು ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಆಡುತ್ತಾರೆ. ಆದ್ದರಿಂದ ಬೆಳಿಗ್ಗೆ ಐದೂವರೆಗೆ ಶುರು, ಎಂಟಕ್ಕೆ ಮುಕ್ತಾಯ. ಮಳೆಗಾಲದಲ್ಲಿ ಚೆಂಡಿಗಿಂತ ಮೊದಲು ವೈಪರ್ ಕೈಗೆ ಬರುತ್ತದೆ. ನೀರು ತಳ್ಳಿ, ಗೋಣಿಚೀಲ ಹಾಸಿ ಒರೆಸಿ, ಆಮೇಲೆ ಆಟ.

ಕಾಲೇಜು ಸೀಸನ್ ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕಾಲೇಜುಗಳು 'ಕಾನ್ಫರೆನ್ಸ್' ಎಂಬ ಗುಂಪು ಕಟ್ಟಿಕೊಂಡಿವೆ. 1896ರಲ್ಲಿ ಹುಟ್ಟಿದ ಬಿಗ್ ಟೆನ್ ಅಂಥದೊಂದು. ಹೆಸರಿನಲ್ಲಿ ಹತ್ತು, ಈಗ ಇರುವುದು 18 ವಿಶ್ವವಿದ್ಯಾಲಯ. ಅಲ್ಲಿನ ಪುರುಷರ ತಂಡ ಗುಂಪಿನೊಳಗೇ 20 ಪಂದ್ಯ ಆಡುತ್ತದೆ. ನವೆಂಬರಿನಲ್ಲಿ ಶುರುವಾದ ಸೀಸನ್ ಮಾರ್ಚಿನವರೆಗೆ ನಡೆಯುತ್ತದೆ. ಇವತ್ತು ಸೋತರೆ ಮುಂದಿನ ವಾರ ಇನ್ನೊಂದು ಪಂದ್ಯ ಕಾದಿರುತ್ತದೆ.

ನಮ್ಮಲ್ಲಿ ಆ ಗುಂಪಿನ ಜಾಗದಲ್ಲಿ ವಿಶ್ವವಿದ್ಯಾಲಯವಿದೆ. ನಾಗಪುರ ವಿಶ್ವವಿದ್ಯಾಲಯ 1923ರದು, ನಮ್ಮ ಮೈಸೂರಿಗಿಂತ ಏಳು ವರ್ಷ ಚಿಕ್ಕದು. 2005ರಿಂದ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರಿದೆ. ಒಂದು ಕಾಲಕ್ಕೆ ವಿದರ್ಭವೆಲ್ಲ ಇದರದೇ. 1983ರಲ್ಲಿ ಅಮರಾವತಿ ಬೇರೆಯಾಯಿತು. 2011ರಲ್ಲಿ ಗೊಂಡ್ವಾನಾ ವಿಶ್ವವಿದ್ಯಾಲಯವಾಗಿ ಚಂದ್ರಪುರ, ಗಡಚಿರೋಲಿ ಹೋದವು. ಉಳಿದದ್ದು ನಾಗಪುರ, ವರ್ಧಾ, ಭಂಡಾರಾ, ಗೋಂದಿಯಾ. ಇಷ್ಟು ಜಿಲ್ಲೆಗಳ ಕಾಲೇಜುಗಳು ವರ್ಷಕ್ಕೊಮ್ಮೆ ಕೆಲವೇ ದಿನ ಒಂದೆಡೆ ಸೇರಿ ಆಡುತ್ತವೆ. ಪದ್ಧತಿ ನಾಕೌಟ್. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಲೆಕ್ಕ ಹಾಕಿ ನೋಡಿ. ಹದಿನಾರು ತಂಡಗಳು ಎಲ್ಲರೊಡನೆ ಒಮ್ಮೊಮ್ಮೆ ಆಡಿದರೆ 120 ಪಂದ್ಯ ಬೇಕು. ನಾಕೌಟ್ ಆದರೆ 15ರಲ್ಲಿ ಮುಗಿಯಿತು. ಹಣ, ದಿನ, ರೆಫರಿ, ಊಟ ಎಲ್ಲ ಉಳಿತಾಯ. ಆದರೆ ಹದಿನಾರರಲ್ಲಿ ಎಂಟು ತಂಡಕ್ಕೆ ಸಿಗುವುದು ಒಂದೇ ಪಂದ್ಯ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ವರ್ಷವಿಡೀ ಬೆಳಿಗ್ಗೆ ಐದೂವರೆಗೆ ಎದ್ದ ಹುಡುಗನ ಸೀಸನ್ ಅಂದರೆ ನಲವತ್ತು ನಿಮಿಷ. ಅವನು ಬೆಂಚಿನಲ್ಲಿದ್ದರೆ ಅದೂ ಇಲ್ಲ.

ನಲವತ್ತು ನಿಮಿಷ ದಾಟಿದವರಿಗೆ ಮುಂದೆ ದಾರಿ ಇದೆ. ಕಾಲೇಜು ಪಂದ್ಯಗಳಿಂದ ಆಯ್ದ ಹನ್ನೆರಡು ಮಂದಿ ವಿಶ್ವವಿದ್ಯಾಲಯದ ತಂಡ. ಅದು ಪಶ್ಚಿಮ ವಲಯಕ್ಕೆ ಹೋಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದವು. ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಮಟ್ಟಕ್ಕೆ, ಅಲ್ಲಿನ ಮೊದಲ ಎಂಟು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ. 2022ರ ಏಪ್ರಿಲ್, ಮೇನಲ್ಲಿ ಆ ಕೂಟ ಬೆಂಗಳೂರಿನಲ್ಲಿ ನಡೆದಾಗ ಮಗ ಹನ್ನೆರಡನೆಯ ತರಗತಿ ಮುಗಿಸುತ್ತಿದ್ದ. ಮೊಬೈಲಿನಲ್ಲಿ ನೋಡುತ್ತ ಅಜ್ಜಿಗೆ ಫೋನು ಹಚ್ಚಿ, "ಅಜ್ಜೀ, ಮುಂದಿನ ಸಲ ಬೆಂಗಳೂರಲ್ಲಿ ಮಾಡಿದ್ರೆ ನಾನು ಎದೆ ಮೇಲೆ ನಾಗಪುರ ಅಂತ ಬರೆಸ್ಕೊಂಡು ಬರ್ತೀನಿ" ಅಂದ. ಅಜ್ಜಿ ಅಂದರು, "ಏನಾದ್ರೂ ಬರೆಸ್ಕೋ ಮಗಾ. ಬಾ ಅಷ್ಟೆ."

ಮೊದಲ ವರ್ಷ ಅವನು ಬೆಂಚಿನಿಂದ ಏಳಲಿಲ್ಲ. ಎರಡನೆಯ ವರ್ಷ ಎರಡು ನಿಮಿಷ. ಎರಡೂ ವರ್ಷ ತಂಡ ಮೊದಲ ಸುತ್ತಿನಲ್ಲೇ ಮನೆಗೆ. ಹೋದ ವರ್ಷ ಅವನದು ಬಿ.ಕಾಂ. ಕೊನೆಯ ವರ್ಷ. ಮೊದಲ ಐವರಲ್ಲಿ ಹೆಸರು ಬಂತು.

ಪಂದ್ಯ ಬಿದ್ದಿದ್ದು ದಸರಾ ಆದ ಮೇಲೆ. ಮೈಸೂರಿನವನಿಗೆ ದಸರಾ ಅಂದರೆ ಆನೆ, ಅಂಬಾರಿ. ಇಲ್ಲಿನ ದಸರಾಕ್ಕೆ ದೀಕ್ಷಾಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಬಿಳಿ ಬಟ್ಟೆ, ಕೈಯಲ್ಲಿ ಪುಸ್ತಕದ ಚೀಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ದೀಕ್ಷೆ ಪಡೆದ ಜಾಗ ಅದು. ಆ ಜನ ಊರಿಗೆ ಮರಳಿ ರಸ್ತೆ ಮತ್ತೆ ಬಿಡುವಾಯಿತು ಅನ್ನುವಾಗ ಡ್ರಾ ಬಂತು. ದಿನಾಂಕ ಎರಡು ಸಲ ಬದಲಾಯಿತು. ಮೂರನೆಯದಕ್ಕೆ ನಾನು ರಜೆ ಹಾಕಿದೆ.

ಒಂದು ಮಾತು ನನ್ನದೂ ಹೇಳಬೇಕು. 1992ರಲ್ಲಿ ಮೈಸೂರಿನಲ್ಲಿ ನಾನೂ ಕಾಲೇಜು ತಂಡಕ್ಕೆ ಆಡಿದವನು. ಆಗ ಇಪ್ಪತ್ತು ನಿಮಿಷದ ಎರಡು ಭಾಗ. ಮೊದಲ ಸುತ್ತಿನಲ್ಲೇ ಸೋತೆವು. ಮರುದಿನ ಶೂ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದೆ. ಆಮೇಲೆ ಚೆಂಡು ಮುಟ್ಟಲಿಲ್ಲ. ಇದನ್ನು ಮಗನಿಗೆ ಹೇಳುವಾಗ "ಕೆಲಸ ಸಿಕ್ತು, ಬಿಟ್ಟೆ" ಎಂದಿದ್ದೆ. ಕೆಲಸ ಸಿಕ್ಕಿದ್ದು ಮೂರು ವರ್ಷ ಆದ ಮೇಲೆ.

ಪಂದ್ಯದ ದಿನ ಕೋರ್ಟಿನ ಸುತ್ತ ನೂರು ಜನ ಇದ್ದರೆ ಹೆಚ್ಚು. ಎದುರಾಳಿ ತಂಡದ ಹುಡುಗರು ಎತ್ತರ, ಒಳ್ಳೆಯ ಅಭ್ಯಾಸ. ಮೂರನೆಯ ಕ್ವಾರ್ಟರ್ ಮುಗಿಯುವಾಗ ನಮ್ಮವರು ಐದು ಪಾಯಿಂಟ್ ಹಿಂದೆ. ಮಗನ ಖಾತೆಯಲ್ಲಿ ಆರು ಪಾಯಿಂಟ್, ನಾಲ್ಕು ಫೌಲು. ಐದನೆಯ ಫೌಲಿಗೆ ಆಟಗಾರ ಹೊರಗೆ. ಅವನಿಗೆ ಚಿಕ್ಕಂದಿನಿಂದ ಒಂದು ಚಾಳಿ. ಎದುರಿನವನು ದಾಟಿ ಹೋಗುತ್ತಾನೆ ಎಂದರೆ ಕಾಲು ಹಾಕುವ ಬದಲು ಕೈ ಹಾಕುತ್ತಾನೆ. ನನ್ನದೂ ಅದೇ ಚಾಳಿಯಾಗಿತ್ತು.

ಸುತ್ತಲೂ "ಚಲ್ ರೇ", "ದಾಬ್ ರೇ ಭಾವೂ" ಎಂದು ಕೂಗಾಟ. ಇನ್ನು ಆರು ನಿಮಿಷ ಇತ್ತು. ಎದುರಿನ ಗಾರ್ಡ್ ಚೆಂಡು ಪುಟಿಸುತ್ತ ಮಗನ ಮುಂದೆ ಬಂದ. ನನಗೆ ತಡೆಯಲಾಗಲಿಲ್ಲ. "ಕೈ ಹಾಕ್ಬೇಡ್ವೋ!" ಎಂದು ಕನ್ನಡದಲ್ಲಿ ಕೂಗಿದೆ. ಅವನ ತಲೆ ಒಂದು ಕ್ಷಣ ನನ್ನ ಕಡೆ ತಿರುಗಿತು. ಅಷ್ಟರಲ್ಲಿ ಆ ಹುಡುಗ ದಾಟಿದ. ಇವನು ಗಾಬರಿಯಲ್ಲಿ ಕೈ ಹಾಕಿದ. ರೆಫರಿಯ ಸೀಟಿ.

ಟವೆಲ್ ತಲೆಯ ಮೇಲೆ ಹಾಕಿಕೊಂಡು ಅವನು ಬೆಂಚಿನ ತುದಿಯಲ್ಲಿ ಕೂತ. ಕಾಲೇಜು ಜೀವನದ ಕೊನೆಯ ಆರು ನಿಮಿಷವನ್ನು ಅವನು ಅಲ್ಲಿಂದ ನೋಡಿದ. ನಮ್ಮವರು ಹನ್ನೊಂದು ಪಾಯಿಂಟಿನಿಂದ ಸೋತರು.

ಮನೆಗೆ ಬರುವಾಗ ಸ್ಕೂಟರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಶಂಕರನಗರದ ಸಿಗ್ನಲ್ಲಿನಲ್ಲಿ ಮೆಟ್ರೋ ತಲೆಯ ಮೇಲೆ ಹಾದುಹೋಯಿತು. ಆಗ ಹಿಂದಿನಿಂದ ಅವನೇ ಅಂದ: "ನೀವು ಕೂಗಿದ್ದು ರೆಫರಿಗೂ ಕೇಳಿಸ್ತು ಅಪ್ಪಾ. ಅರ್ಥ ಆಗಿದ್ದು ನನಗೊಬ್ಬನಿಗೆ."

"ಕೂಗಬಾರದಿತ್ತು ಕಣೋ."

"ಹ್ಞೂಂ. ಕೂಗಬಾರದಿತ್ತು."

ಬೇರೆ ಯಾರಾದರೂ ಆಗಿದ್ದರೆ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದರೇನೋ. ಅವನು ಹಾಗೆ ಅನ್ನಲಿಲ್ಲ. ನನಗೆ ಅದೇ ಸರಿ ಎನಿಸಿತು. ಮನೆಯಲ್ಲಿ ಅವಳು ಕೇಳಿದಾಗ ಅವನು "ಐದು ಫೌಲಾಯ್ತಮ್ಮಾ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ. ವಿಶ್ವವಿದ್ಯಾಲಯದ ಪಟ್ಟಿ ಬಂದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಒಂದು ಪಂದ್ಯದಲ್ಲಿ ಆಯ್ಕೆಗಾರರ ಕಣ್ಣಿಗೆ ಎಷ್ಟು ಬಿದ್ದೀತು? ನಾಲ್ಕು ಪಂದ್ಯ ಆಡಿ ಫೈನಲ್ಲಿಗೆ ಹೋದವರ ಮುಖ ಅವರಿಗೆ ನೆನಪಿರುತ್ತದೆ. ಆಯ್ಕೆಯಾದ ಹುಡುಗರು ಚೆನ್ನಾಗಿ ಆಡುವವರೇ. ಅದರಲ್ಲಿ ನನಗೆ ತಕರಾರಿಲ್ಲ. ನಾಲ್ಕು ತಂಡಗಳ ಚಿಕ್ಕ ಚಿಕ್ಕ ಲೀಗ್ ಮಾಡಿ ಎಲ್ಲರಿಗೂ ಮೂರು ಪಂದ್ಯವಾದರೂ ಸಿಗುವಂತೆ ಮಾಡಿದರೆ ಸಾಕು. ಹದಿನಾರು ತಂಡಕ್ಕೆ 24 ಪಂದ್ಯವಾಗುತ್ತದೆ, ಆಮೇಲೆ ನಾಕೌಟ್ ಇರಲಿ. ಕೆಲವು ದಿನ ಹೆಚ್ಚು ಬೇಕು. ಹುಡುಗರ ಮೂರು ವರ್ಷಕ್ಕೆ ಹೋಲಿಸಿದರೆ ಅದು ದುಬಾರಿಯಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಪಂದ್ಯದ ಮರುದಿನದ ಮಾತು. ಬೆಳಿಗ್ಗೆ ಐದೂಕಾಲಿಗೆ ಗೇಟಿನ ಸದ್ದಾಯಿತು. ಅಟ್ಟದ ಮೇಲಿನ ನನ್ನ ಶೂ ನೆನಪಾಗಿ ಎದ್ದು ಕೂತೆ. ಕಿಟಕಿಯಿಂದ ನೋಡಿದರೆ ಅವನು ಚೆಂಡನ್ನು ಸೈಕಲ್ಲಿನ ಬುಟ್ಟಿಗೆ ಹಾಕಿಕೊಂಡು ಬಡಾವಣೆಯ ಕೋರ್ಟಿಗೆ ಹೊರಟಿದ್ದ. ಹಿಂದೆಯೇ ನಡೆದುಕೊಂಡು ಹೋದೆ.

ಅಲ್ಲಿ ಹತ್ತು, ಹನ್ನೆರಡು ವರ್ಷದ ಮಕ್ಕಳು ಕಾಯುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವುದು ಇಲ್ಲಿನ ವಾಡಿಕೆ. ಅವನಿಗೂ ಹಾಗೆಯೇ ಯಾರೋ ದಾದಾ ಕಲಿಸಿದ್ದರು. ಅದಕ್ಕೆ ಡ್ರಾ ಇಲ್ಲ, ಪಟ್ಟಿಯೂ ಇಲ್ಲ. ಮೈಸೂರಿನಲ್ಲಿ ನನಗೆ ಕಾಲೇಜು ತಂಡ ಬಿಟ್ಟರೆ ಬೇರೆ ಕೋರ್ಟಿರಲಿಲ್ಲ. ಆ ಪಂದ್ಯ ಮುಗಿದಾಗ ಆಟವೂ ಮುಗಿಯಿತು. ನಾಗಪುರದ ಹುಡುಗನಿಗೆ ಕಾಲೇಜಿನ ನಲವತ್ತು ನಿಮಿಷ ಹೋದರೂ ಬಡಾವಣೆಯ ಬೆಳಗು ಉಳಿಯುತ್ತದೆ. ಈ ಊರು ಅವನಿಗೆ ಕೊಟ್ಟಿದ್ದು ಅದು. ನಾನು ಕೊಡಲು ಆಗುತ್ತಿರಲಿಲ್ಲ.

ಒಬ್ಬ ಚಿಕ್ಕ ಹುಡುಗ ದಾಟಿ ಹೋಗುವವನ ಮೇಲೆ ಕೈ ಹಾಕಿದ. ಮಗ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, "ಹಾತ್ ನಕೋ, ಪಾಯ್ ಚಾಲವ್" ಅಂದ. ಕೈ ಬೇಡ, ಕಾಲು ನಡೆಸು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿ ನಕ್ಕ.

ಎಂಟು ಗಂಟೆಗೆ ಬಿಸಿಲು ಏರಿತು. ಮೂಲೆಯ ಗಾಡಿಯಲ್ಲಿ ಇಬ್ಬರೂ ಅವಲಕ್ಕಿ ತಿಂದೆವು. ಅವನು ಎರಡು ಸಲ ತರ್ರಿ ಹಾಕಿಸಿಕೊಂಡ. ದುಡ್ಡು ನಾನು ಕೊಟ್ಟೆ.